ಅವರ ಹೆಸರು ಕೇಳಿದ ಕೋಣೆ

ನಿಮ್ಮ ತಾತ ತೀರಿಕೊಂಡ ಮೇಲೆ, ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಒಂದು ತುತ್ತು ಮುದ್ದೆ ಮುರಿದು ಅವರಿಗೆಂದು ಪಕ್ಕದಲ್ಲಿ ಇಡುತ್ತಿದ್ದೆ. ಇಡುವಾಗ ಒಂದೆರಡು ಮಾತೂ ಆಡುತ್ತಿದ್ದೆ. ಸಾರಿಗೆ ಉಪ್ಪು ಸಾಕೇ, ಕೆರೆ ಕಡೆಯಿಂದ ಸೊಳ್ಳೆ ಬರುತ್ತಿದೆ, ಕಿಟಕಿ ಹಾಕಲೇ, ಇಂಥವು. ಹೆಸರಘಟ್ಟದ ಪಕ್ಕದ ನನ್ನ ತವರಿನಲ್ಲಿ ಗಂಡ ಹೋದ ಹೆಂಗಸರು ಹೀಗೆ ಮಾಡುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಪುಟ್ಟೇನಹಳ್ಳಿಯ ಈ ಮನೆಯಲ್ಲಿ ಅದು ಒಂದು ದಿನ ಸೊಸೆಯ ಕಿವಿಗೆ ಬಿತ್ತು.

"ಯಾರ ಜೊತೆ ಮಾತಾಡ್ತಿದ್ರಿ ಅತ್ತೆ?"

"ನಿಮ್ಮಾವನ ಹತ್ರ ಕಣಮ್ಮ."

ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅವಳು ಕೆಟ್ಟವಳಲ್ಲ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಆಗ ಅಂಬೆಗಾಲಿಡುತ್ತಿದ್ದ. ರಜೆ ಮುಗಿದು ಅವಳು ಕೆಲಸಕ್ಕೆ ಹೋಗುವಾಗ ಅವನನ್ನು ನನ್ನ ಹತ್ತಿರ ಬಿಡುವುದೆಂದು ಮಾತಾಗಿತ್ತು. ನಾನು ಅದೊಂದನ್ನೇ ಕಾಯುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ನನ್ನ ಕೈಗೆ ಬೇರೆ ಕೆಲಸ ಉಳಿದಿರಲಿಲ್ಲ.

ಆ ವಾರವೇ ಮಗ ನನ್ನನ್ನು ಗಂಗಾನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. "ಸುಮ್ನೆ ಒಂದು ಚೆಕಪ್ ಅಮ್ಮ. ಅವಳಿಗೂ ಸಮಾಧಾನ ಆಗ್ಲಿ" ಎಂದ. ಪರೀಕ್ಷೆ ಮಾಡುವ ಹುಡುಗಿ ಅವನನ್ನು ಹೊರಗೆ ಕೂರಿಸಿದಳು. ಜೊತೆಯವರು ಇದ್ದರೆ ಉತ್ತರ ಹೇಳಿಕೊಡುತ್ತಾರಂತೆ.

"ಇವತ್ತು ತಾರೀಖು ಎಷ್ಟು ಅಜ್ಜಿ?"

"ಮೊನ್ನೆ ಅಮಾಸೆ ಆಯ್ತಲ್ಲವ್ವ."

"ಹಸು, ಕೋಳಿ, ಹುಲ್ಲು. ಇದ್ರಲ್ಲಿ ಒಂದೇ ಗುಂಪಿಗೆ ಸೇರೋ ಎರಡು ಯಾವ್ದು?"

"ಹಸು, ಹುಲ್ಲು."

"ಹಸು, ಕೋಳಿ ಅಲ್ವಾ?"

"ಕೋಳಿ ಕೆದಕಿದ ಹುಲ್ಲನ್ನ ಹಸು ಮೂಸೂ ನೋಡಲ್ಲ ಕಣವ್ವ."

ಅವಳು ನಕ್ಕು ಏನೋ ಗುರುತು ಹಾಕಿಕೊಂಡಳು. ಆಮೇಲೆ ನಿಮ್ಮ ತಾತನ ಹೆಸರು ಕೇಳಿದಳು.

ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನನ್ನ ಅಮ್ಮ ಹೇಳಿಕೊಟ್ಟಿದ್ದಳು. ರೇಷನ್ ಅಂಗಡಿಯಲ್ಲಿ ಕೇಳಿದರೆ ಹಿಂದೆ ನಿಂತ ಹೆಂಗಸು ನನ್ನ ಬದಲು ಹೇಳುತ್ತಿದ್ದಳು. ನಾನು ಅವಳ ಗಂಡನದ್ದು ಹೇಳುತ್ತಿದ್ದೆ. ಮನೆಗೆ ಯಾರಾದರೂ ಬಂದು ಕೇಳಿದರೆ ಮಕ್ಕಳು ಹೇಳುತ್ತಿದ್ದರು. ಈ ಕೋಣೆಯಲ್ಲಿ ಯಾರೂ ಇರಲಿಲ್ಲ. ಹೇಳಬಾರದು ಎನ್ನೋಣವೆಂದರೆ, ಓದಿದ ಹುಡುಗಿ, ಮತ್ತೆ ನಕ್ಕಾಳೆಂದು ನಾಚಿಕೆಯಾಯಿತು. ತಲೆ ತಗ್ಗಿಸಿ ಕೂತೆ.

"ನೆನಪಾಗ್ತಿಲ್ವಾ? ಪರ್ವಾಗಿಲ್ಲ ಬಿಡಿ" ಎಂದಳು, ಬಹಳ ಮೃದುವಾಗಿ. "ಅವರ ದನಿ ಕೇಳ್ಸುತ್ತಾ?"

"ಒಂದೊಂದ್ಸಲ ಕರೆದಂಗಾಗ್ತದೆ."

ಮನಃಶಾಸ್ತ್ರ ಓದುತ್ತಿರುವ ನಿಮ್ಮ ದೊಡ್ಡಕ್ಕ ಮೊನ್ನೆ ಇದನ್ನೆಲ್ಲ ಕೇಳಿಸಿಕೊಂಡು ಕಾರಣ ಬಿಡಿಸಿ ಹೇಳಿದಳು. ಇಂಥ ಪ್ರಶ್ನೆಗಳನ್ನು ಎಷ್ಟೋ ಸಲ ಬೇರೆ ದೇಶದಲ್ಲಿ, ಅಲ್ಲಿಯ ಜನರಿಗೆ ಕೇಳಿ ಮಾಡಿರುತ್ತಾರಂತೆ. ಅವರು ಹೇಳಿದ್ದು ಸರಿ ಉತ್ತರವಾಗುತ್ತದಂತೆ. ನಮಗೆ ಅದನ್ನೇ ಕನ್ನಡ ಮಾಡಿ ಕೇಳುತ್ತಾರಂತೆ. ಅವಳು ಆಗ ಇನ್ನೂ ಸ್ಕೂಲಿನಲ್ಲಿದ್ದಳು. ಇದನ್ನು ನಮಗೆ ಹೇಳುವವರು ಇರಲಿಲ್ಲ.

ಯಾವ ಪ್ರಶ್ನೆಗೆ ಏನು ಹೇಳಿದೆನೆಂದು ಮಗನಿಗೆ ಯಾರೂ ತಿಳಿಸಲಿಲ್ಲ. ಮರೆವಿನ ಕಾಯಿಲೆ ಶುರುವಾಗಿದೆ, ಇಲ್ಲದ ದನಿ ಕೇಳುತ್ತಿದೆ ಎಂದರು. ಮಾತ್ರೆ ಬರೆದುಕೊಟ್ಟರು.

ಮಾತ್ರೆ ನುಂಗಿದರೆ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ಹೊಗೆಯಾಯಿತು. ಮಗು ಮೆಟ್ಟಿಲಿನ ತುದಿಯಲ್ಲಿ ಕೂತಿತ್ತು, ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಸ್ನಾನ ಮುಗಿಸಿ ಬಂದ ಸೊಸೆ ನೋಡಿದಳು. "ಕಾಯಿಲೆ ಜಾಸ್ತಿ ಆಗ್ತಿದೆ ಕಣ್ರೀ" ಎಂದು ಮಗನ ಹತ್ತಿರ ಅತ್ತಳು. ಮಗುವನ್ನು ಯಲಹಂಕದ ಡೇಕೇರ್‌ಗೆ ಹಾಕಿದರು.

ಊರಿನಿಂದ ನನ್ನ ತಂಗಿ ನೋಡಲು ಬಂದಳು. ಎಲ್ಲ ಹೇಳಿದೆ.

"ನಮ್ಮತ್ತೆ ಸತ್ತೋದ ಗಂಡನ್ನ ದಿನಾ ಬೈತಿದ್ಲಲ್ಲಕ್ಕ, ಅವ್ಳಿಗೆ ಎಷ್ಟು ಮಾತ್ರೆ ಕೊಡ್ಬೇಕಿತ್ತು?" ಎಂದು ನಗಿಸಿದಳು. ಆಮೇಲೆ ದನಿ ತಗ್ಗಿಸಿದಳು. "ನೀನು ಇಂಗೇ ಬಾಯ್ ಮುಚ್ಕೊಂಡಿದ್ರೆ ಮಗು ನಿನ್ ಕೈಗೆ ಬರಾಕಿಲ್ಲ. ಭಾವನ ಎಸರು ಏಳ್ಬಿಡು. ಇನ್ನೇನ್ ಆಗ್ತದೆ?"

ಇನ್ನು ಕಡಿಮೆಯಾಗಲು ಆಯುಸ್ಸೇ ಇರಲಿಲ್ಲ, ನಿಜ.

ಮತ್ತೆ ಪರೀಕ್ಷೆಗೆ ಕರೆದಾಗ ಅದೇ ಕೋಣೆ, ಅದೇ ಹುಡುಗಿ. ಬರುವ ಮುಂಚೆ ಕ್ಯಾಲೆಂಡರ್ ನೋಡಿಕೊಂಡಿದ್ದೆ, ತಾರೀಖು ಹೇಳಿದೆ. ಹಸು, ಕೋಳಿ ಎಂದೆ. ದನಿ ಕೇಳಿಸಲ್ಲ ಎಂದೆ. ಆಮೇಲೆ ಅವರ ಹೆಸರು ಕೇಳಿದಳು. ಹೇಳಿದೆ. ಮದುವೆಯಾದಾಗಿನಿಂದ ಮನಸ್ಸಿನಲ್ಲೇ ಇದ್ದದ್ದು ಯಾರೋ ಗುರುತಿಲ್ಲದವರ ಹೆಸರಿನಂತೆ ಹೊರಗೆ ಬಂತು. ಹುಡುಗಿ ಗುರುತು ಹಾಕಿಕೊಂಡು ಮುಂದಿನದಕ್ಕೆ ಹೋದಳು. ಅವರನ್ನು ಎರಡನೇ ಸಲ ಮನೆಯಿಂದ ಹೊರಗೆ ಕಳಿಸಿದಂತೆ ಆಯಿತು ನನಗೆ. ಆ ದಿನದಿಂದ ಯಾರೂ ನನ್ನನ್ನು ಕರೆದಂತೆ ಅನ್ನಿಸಿಲ್ಲ.

ಹೊರಗೆ ಮಗ ನಗುತ್ತಾ ಬಂದ. "ತುಂಬಾ ಇಂಪ್ರೂವ್ ಆಗಿದೆಯಂತೆ ಅಮ್ಮ. ಮಾತ್ರೆ ಕೆಲಸ ಮಾಡ್ತಿದೆ. ನಿಲ್ಲಿಸ್ಬಾರ್ದಂತೆ."

"ಹಂಗಾದ್ರೆ ಮಗೂನ ನನ್ ಹತ್ರ ಬಿಡ್ತೀರಾ?"

ಅವನು ಗಾಡಿಯ ಬೀಗದ ಕೈ ತಿರುಗಿಸುತ್ತಾ ನಿಂತ. "ಮಾತ್ರೆ ತಗೊಂಡ್ರೆ ನಿದ್ದೆ ಬರುತ್ತಲ್ಲಮ್ಮ. ನಿದ್ದೆಗಣ್ಣಲ್ಲಿ ಹೇಗೆ ನೋಡ್ಕೋತೀಯ?"

ಬೆಳಿಗ್ಗೆ ಡೇಕೇರ್ ವ್ಯಾನ್ ಬರುವ ಮುಂಚೆ ಮಗುವಿನ ಬಾಟಲಿಗೆ ನೀರು ತುಂಬಿಸಿಕೊಡುವ ಕೆಲಸ ನನಗೆ ಸಿಕ್ಕಿತು. ಅದನ್ನು ಅವನು ಸ್ಕೂಲಿಗೆ ಸೇರುವವರೆಗೂ ಮಾಡಿದೆ.