ರೊಮೇನಿಯಾದಿಂದ ಬಂದ ‘ಮು’

ಮಗುವಿಗೆ ಹೆಸರಿಡುವುದು ಇಡೀ ವಂಶಕ್ಕೆ ಸಂಬಂಧಿಸಿದ ಗಂಭೀರ ಕಾರ್ಯ. ನಮ್ಮ ಮನೆಯಲ್ಲಿ ಅದು ಎರಡು ವಾರದ ಜಗಳ. ಜೋಯಿಸರು ಮೊಮ್ಮಗನಿಗೆ ‘ಮು’ ಅಕ್ಷರ ಕೊಟ್ಟಿದ್ದರು. ನಾನು ನನ್ನಜ್ಜನ ಹೆಸರಾದ ಮುದ್ದೇಗೌಡ ಎಂದೆ. ಸೊಸೆ ನನ್ನೊಡನೆ ಮಾತು ಬಿಟ್ಟಳು.

ನಾಮಕರಣದ ಹಿಂದಿನ ದಿನ ಹೆತ್ತೂರಿನ ನಮ್ಮ ತೋಟ ನೋಡಲು ರೊಮೇನಿಯಾದವನೊಬ್ಬ ಬಂದ. ಹೆಸರು ಕೇಳಿದೆ. “ಮುಗುರ್” ಎಂದ. ಊರಿನ ಹೆಸರಿನಂತೆ ಕೇಳಿಸಿತು; ಊರು ಹೇಳುತ್ತಿದ್ದಾನೆಂದುಕೊಂಡು, ನಿನ್ನ ಹೆಸರು ಹೇಳಪ್ಪಾ ಎಂದೆ. ಅದೇ ಹೆಸರಂತೆ! ಅರ್ಥ ಕೇಳಿದರೆ ಜಗಲಿಯ ಪಕ್ಕದ ಕಾಫಿ ಗಿಡದ ಮೊಗ್ಗು ಮುಟ್ಟಿ ತೋರಿಸಿದ. ಬಹಳ ಹಳೆಯ ಪದವಂತೆ. ಅಲ್ಬೇನಿಯಾದವರು ಮೊಗ್ಗಿಗೆ ಮುಗುಲ್ ಎನ್ನುತ್ತಾರಂತೆ.

ಕಾಫಿ ತಂದ ನನ್ನ ಹೆಂಡತಿ, “ಅಯ್ಯೋ, ಇದು ನಮ್ಮ ಮುಗುಳ್ನಗೆಯ ಮುಗುಳೇ ಕಣ್ರೀ! ಅಷ್ಟು ದೂರದವನು ಬಂದು ಹೇಳ್ಬೇಕಾಯ್ತು ನಿಮಗೆ!” ಎಂದಳು. ಅವನ ಭಾಷೆಗೂ ನಮ್ಮ ಭಾಷೆಗೂ ನೆಂಟಸ್ತಿಕೆ ಉಂಟೋ ಇಲ್ಲವೋ ನನಗೆ ತಿಳಿಯದು. ಅಷ್ಟರಲ್ಲಿ ಮಗುವನ್ನೆತ್ತಿಕೊಂಡು ಸೊಸೆ ಜಗಲಿಗೆ ಬಂದಳು.

“ಮಾವ, ಮುಕುಲ್ ಅಂದ್ರೂ ಮೊಗ್ಗೇ ಅಲ್ವಾ?”

ಎರಡು ವಾರದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು. ತೀರಿಹೋದ ಅಜ್ಜನ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು, ಹೌದು ಎಂದೆ.

ಮರುದಿನ ಮಗುವಿಗೆ ಮುಕುಲ್ ಎಂದು ಹೆಸರಿಟ್ಟೆವು.