ಆಚೆ ದಡವಿದ್ದ ಸಮುದ್ರ

…ಅಥವಾ ಅವ್ವ ಕೂತದ್ದು ಬಲಗಡೆಯ ಕಿಟಕಿಗೇ ಇರಬಹುದು. ಅಕ್ಕ ಹಾಗೇ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅವ್ವ ಎಡಗಡೆ, ಮುಂದಿನ ಸೀಟಿನಲ್ಲಿದ್ದ ಅಪ್ಪನ ಹಿಂದೆ, ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದಾಳೆ. ಆದರೆ ಕಾರು ಓಡಿಸುತ್ತಿದ್ದವನು ನಾನು. ಕಣ್ಣು ರಸ್ತೆಯ ಮೇಲಿರಬೇಕಾದವನ ನೆನಪನ್ನು ಎಷ್ಟು ನಂಬುವುದು? ಹಣೆ ಒತ್ತಿದ್ದನ್ನಂತೂ ಆಮೇಲೆ ಸೇರಿಸಿಕೊಂಡಿರಬೇಕು. ಅಷ್ಟು ಚೆನ್ನಾಗಿ ಕೂರುವುದು ಸಿನಿಮಾದವರು ಮಾತ್ರ.

ಯಾವ ಕಿಟಕಿ ಎಂಬುದು ಸಣ್ಣ ಮಾತಲ್ಲ. ಅವ್ವನ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣೂ ಹೆಚ್ಚು ಕಾಲ ಉಳಿಯುವುದಿಲ್ಲ, ತೋರಿಸಬೇಕಾದ್ದು ಏನಾದರೂ ಇದ್ದರೆ ತೋರಿಸಿಬಿಡಿ ಎಂದು ಡಾಕ್ಟರು ಹೇಳಿದ್ದರು. ಏನು ನೋಡುತ್ತೀ ಎಂದು ಕೇಳಿದೆವು. ಕಾಶಿ ಅನ್ನುತ್ತಾಳೆಂದು ನಮ್ಮ ಎಣಿಕೆ. "ಸಮುದ್ರ ನೋಡಾಕೆ ಹೋಗಾಣ," ಅಂದಳು. ಸೂಳೆಕೆರೆಯ ಏರಿಯ ಕೆಳಗೆ ಹುಟ್ಟಿ, ಅದೇ ಕೆರೆಯ ಮೀನು ತಿಂದು, ಅದೇ ನೀರಿನ ಗದ್ದೆಯಲ್ಲಿ ನಾಟಿ ಹಾಕಿದವಳು. ಅದಕ್ಕಿಂತ ದೊಡ್ಡ ನೀರು ಇನ್ನೊಂದಿದೆ ಎಂಬ ಸುದ್ದಿಯನ್ನು ಅವಳು ಪೂರ್ತಿ ನಂಬಿರಲಿಲ್ಲವೆಂದು ಕಾಣುತ್ತದೆ.

ಹೊರಡುವ ಮುಂಚೆ ಬಾಗಿನ ಕಟ್ಟತೊಡಗಿದಳು. ಕೆರೆ ತುಂಬಿ ಕೋಡಿ ಬಿದ್ದ ವರ್ಷ ನಮ್ಮ ಕಡೆ ಮೊರದಲ್ಲಿ ಅಕ್ಕಿ, ಬಳೆ, ಅರಿಶಿನ, ಕುಂಕುಮ, ಕುಬಸದ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ನೀರಿಗೆ ಬಿಡುತ್ತಾರೆ. ಅಕ್ಕ ಕಾಡಿಸಿದಳು: "ಸಮುದ್ರ ಯಾವತ್ತಾದ್ರೂ ಖಾಲಿ ಇರ್ತೈತೇನವ್ವ? ದಿನಾ ತುಂಬೇ ಇರ್ತೈತಲ್ಲ."

"ಅದ್ಕೇ ಯಾರೂ ಕೊಟ್ಟಿರಾಕಿಲ್ಲ ಬಿಡು. ನಾವಾದ್ರೂ ಕೊಡಾಣ," ಅಂದಳು ಅವ್ವ.

ಉಳಿದದ್ದು ಎಡಗಣ್ಣು, ಆದ್ದರಿಂದ ಎಡಗಡೆಯ ಕಿಟಕಿ ಕೊಟ್ಟೆವು. ಇದು ನನ್ನ ಪಾಠ, ಅಕ್ಕನದು ಬೇರೆ. ಘಟ್ಟ ಇಳಿದು, ಬೈಂದೂರು ದಾಟಿ ತೆಂಕಣಕ್ಕೆ ಹೊರಟರೆ ಸಮುದ್ರ ಬಲಕ್ಕೆ ಬರುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಕೆರೆಯ ಊರಿನವರಿಗೆ ನೀರು ನಡುವೆ ಇರುತ್ತದೆ, ದಾರಿ ಅದನ್ನು ಸುತ್ತುತ್ತದೆ. ಯಾವ ಕಿಟಕಿಗೆ ಕೂತರೂ ಒಂದಲ್ಲ ಒಂದು ತಿರುವಿನಲ್ಲಿ ಅದು ಸಿಕ್ಕೇ ಸಿಗುತ್ತದೆ.

ಮರವಂತೆಯಲ್ಲಿ ಹೆದ್ದಾರಿಯ ಬಲಕ್ಕೆ ಸಮುದ್ರ, ಎಡಕ್ಕೆ ಅಷ್ಟೇ ಹತ್ತಿರದಲ್ಲಿ ನದಿ. ನಾವು ಮೂವರೂ ಬಲಕ್ಕೆ ತಿರುಗಿದೆವು. "ಇಷ್ಟ್ ನೀರು ಇಟ್ಕಂಡು ಗದ್ದೆಗೆ ಬಿಡಾಕೆ ಒಂದು ತೂಬಿಲ್ಲ," ಎಂದು ಅಪ್ಪ ಗೊಣಗಿದ. ಅಷ್ಟರಲ್ಲಿ ಹಿಂದಿನಿಂದ ಅವ್ವ, "ಕಂಡೆ ಬಿಡ್ರಿ. ಎಷ್ಟು ತಣ್ಣಗೆ ಮಲಗೈತೆ," ಅಂದಳು.

ಬಲಕ್ಕೆ ಅಲೆಗಳು ಬಂಡೆಗೆ ಬಡಿದು ಒಡೆಯುತ್ತಿದ್ದವು. ತಣ್ಣಗೆ ಮಲಗಿದ್ದದ್ದು ಎಡಗಡೆಯ ನದಿ. ಕನ್ನಡಿಯಲ್ಲಿ ಅಕ್ಕನ ಕಣ್ಣು ನನ್ನ ಕಣ್ಣನ್ನು ಹುಡುಕಿತು. ಹೀಗೆ ಬರೆದರೆ ಅಚ್ಚುಕಟ್ಟಾಗಿ ಕೂರುತ್ತದೆ. ಅದಕ್ಕೇ ನನಗೆ ಅನುಮಾನ. ಅಂಥ ನೋಟ ಗೀಟ ಏನೂ ಇರಲಿಲ್ಲ ಅನ್ನುತ್ತಾಳೆ ಅಕ್ಕ. ಅವಳ ಪ್ರಕಾರ ಅವ್ವ ಹಾಗೆಂದದ್ದು ಸಮುದ್ರ ನೋಡಿಯೇ. ದಡ ಬಿಟ್ಟು ದೂರ ನೋಡಿದರೆ ಅದೂ ತಣ್ಣಗೇ ಕಾಣುತ್ತದಲ್ಲ.

ಕಾರು ನಿಲ್ಲಿಸಿ ಮರಳಿಗೆ ಇಳಿದೆವು. ಹೊತ್ತು ಪಡುವಣಕ್ಕೆ ಬಾಗಿತ್ತು, ನೀರಿನ ಮೇಲೆಲ್ಲ ಬಿಸಿಲಿನ ಹೊಳಪು. ಅವ್ವನ ಉಳಿದ ಕಣ್ಣಿಗೆ ಅಷ್ಟು ಬೆಳಕು ಚುಚ್ಚುತ್ತಿತ್ತು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ತಲೆ ತಗ್ಗಿಸಿ, ಅಕ್ಕನ ಕೈ ಹಿಡಿದು ನಡೆದಳು. ನನ್ನ ಫೋನಿನ ಚಿತ್ರಗಳಲ್ಲಿ ಇರುವುದು ಅವಳ ಬೆನ್ನು ಮಾತ್ರ. ಕಣ್ಣು ತೆರೆದಿತ್ತೋ ಮುಚ್ಚಿತ್ತೋ ಬೆನ್ನು ಹೇಳುವುದಿಲ್ಲ.

ಅವ್ವ ಬಗ್ಗಿ ಬಾಗಿನ ಬಿಟ್ಟಳು. ನಮ್ಮ ಕೆರೆಯಲ್ಲಾದರೆ ಅದು ತೇಲುತ್ತ ಒಳಕ್ಕೆ ಹೋಗಿ ಕಣ್ಮರೆಯಾಗುತ್ತಿತ್ತು. ಇಲ್ಲಿ ಒಂದು ಅಲೆ ಒಯ್ದಿತು, ಮುಂದಿನದು ತಂದು ಅವಳ ಪಾದಕ್ಕೇ ಇಟ್ಟಿತು. ಕೊಟ್ಟದ್ದನ್ನು ಹಿಂದಕ್ಕೆ ಕೊಡುವ ನೀರನ್ನು ನಾವು ಯಾರೂ ಕಂಡಿರಲಿಲ್ಲ.

"ಹೋತೇನೇ?" ಎಂದು ಅವ್ವ ಕೇಳಿದಳು.

ಅಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು ಮೊರವನ್ನು ಆಚೆ ನೂಕಿದ. "ಹೋತವ್ವ," ಎಂದಳು ಅಕ್ಕ. ಅದು ಮತ್ತೆ ಬಂತು. ಅಪ್ಪ ಮತ್ತೆ ನೂಕಿದ. ಸಮುದ್ರವನ್ನು ಬೈದುಕೊಂಡು ಬಂದ ಮನುಷ್ಯ ಅದರೆದುರು ಹೆಂಡತಿಯ ಪರವಾಗಿ ನಿಂತ ಹಾಗಿತ್ತು. ಇದನ್ನು ಮಾತ್ರ ಅಕ್ಕನೂ ನಾನೂ ಒಂದೇ ರೀತಿ ಹೇಳುತ್ತೇವೆ.

ಈಗ ಆ ಕಣ್ಣೂ ಇಲ್ಲ. ಸಂಜೆ ನಮ್ಮ ಜಗಲಿಗೆ ಬಂದು ಕೂರುವ ಓಣಿಯ ಹೆಂಗಸರಿಗೆ ಅವ್ವ ಸಮುದ್ರದ ಕಥೆ ಹೇಳುತ್ತಾಳೆ. "ಆಚೆ ದಡದಾಗೆ ಸಾಲಾಗಿ ತೆಂಗಿನ ಮರ ಐತೆ," ಅನ್ನುತ್ತಾಳೆ. ಅದು ನದಿಯ ಆಚೆ ದಡ. ನನ್ನ ಪಾಠವೇ ಸರಿಯಾಯಿತಲ್ಲ ಎಂದು ಎದೆ ಭಾರವಾಗುತ್ತದೆ. ಅದರ ಹಿಂದೆಯೇ, "ಬಾಗಿನ ತಗಂಡು ಸುಮ್ನೆ ಹೋಗ್ಲಿಲ್ಲ ಕಣ್ರೇ, ತಿರುಗಿ ತಿರುಗಿ ಬಂದು ಕಾಲು ಮುಟ್ಟಿ ಹೋತು," ಅನ್ನುತ್ತಾಳೆ.

"ನಮ್ಮ ಕೆರೆಗಿಂತ ದೊಡ್ಡದೇನಕ್ಕಾ?" ಎಂದು ಒಬ್ಬಳು ಕೇಳಿದಳು.

"ಅದೂ ದೊಡ್ಡದೇ," ಅಂದಳು ಅವ್ವ.

ನೋಡಿದ್ದು ಯಾವ ನೀರೆಂದು ಅವ್ವನನ್ನೇ ಕೇಳಿಬಿಡಬಹುದು. ಆದರೆ ತಪ್ಪು ನೀರು ನೋಡಿದೆ ಎಂದು ಅವಳಿಗೆ ತಿಳಿದರೆ ತಿರುಗಿ ಹೋಗಿ ಸರಿಯಾದದ್ದನ್ನು ನೋಡಲು ಕಣ್ಣಿಲ್ಲ. ಆದ್ದರಿಂದ ಕೇಳಿಲ್ಲ. ಅವ್ವ ಸಮುದ್ರ ನೋಡಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.