ನನ್ನ ಚೌಕಾಸಿ ಲಂಬಾಣಿ

ಬಾಗಲಕೋಟೆ ಬಸ್‌ ನಿಲ್ದಾಣದಿಂದ ನವನಗರದ ಮಹಿಳಾ ಸಹಾಯ ಕೇಂದ್ರಕ್ಕೆ ಆಟೋದವನು ಕೇಳಿದ ನೂರೈವತ್ತನ್ನೂ ಮರುಮಾತಿಲ್ಲದೆ ಕೊಟ್ಟೆ. ನನ್ನನ್ನು ಬಲ್ಲ ಅವನೇ ಗಾಬರಿಯಾಗಿ, "ಅಕ್ಕಾರ, ಆರಾಮ ಅದೀರಿಲ್ಲ?" ಎಂದು ಕೇಳಿದ. ಚೌಕಾಸಿಗೆ ನಿಲ್ಲುವಷ್ಟು ಪುರುಸೊತ್ತಿರಲಿಲ್ಲ, ಸ್ವಾಮಿ: ಆಟೋದೊಳಗೆ ಸೋನಿಬಾಯಿ, ಅವಳ ಮಡಿಲಲ್ಲಿ ಐದು ವರ್ಷದ ಮಗಳು, ಅವಳನ್ನು ಹೊಡೆಯುವ ಗಂಡ ಹಿಂದೆಯೇ ಬೈಕಿನಲ್ಲಿ.

ಸೋನಿಬಾಯಿ ಸೊಲ್ಲಾಪುರದ ಕಡೆಯಿಂದ ಬಾದಾಮಿ ಹತ್ತಿರದ ತಾಂಡಾಕ್ಕೆ ಮದುವೆಯಾಗಿ ಬಂದವಳು. ಲಂಬಾಣಿ ಬರುತ್ತದೆ, ಕನ್ನಡ ಬಾರದು. ಇಳಕಲ್ ಸೀರೆಯ ಗಂಟು ಹೊತ್ತು ಆ ಕಡೆಯ ತಾಂಡಾಗಳನ್ನು ಸುತ್ತಿಯೇ ಸ್ವಂತ ಮನೆ ಕಟ್ಟಿದ ನನಗೆ, ಲಂಬಾಣಿ ಬರುವುದು ವ್ಯಾಪಾರಕ್ಕೆ ಬೇಕಾದಷ್ಟೇ. ಆ ದಿನ ಸೀರೆ ತೋರಿಸಿ ಹೊರಟಾಗ ಅವಳು ಮಗಳನ್ನೆತ್ತಿಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿದ್ದಳು.

ನಾವು ಒಳಗೆ ಕೂರುವಷ್ಟರಲ್ಲಿ ಗಂಡನೂ ಬಂದು, "ಅಕಿಗಿ ಕನ್ನಡ ಬರೂದಿಲ್ರಿ, ನಾ ಹೇಳ್ತೇನಿ" ಎಂದು ಕುರ್ಚಿ ಎಳೆದುಕೊಂಡ. ಸೋನಿಬಾಯಿ ಅಳುತ್ತಾ ಬಹಳ ಹೊತ್ತು ಹೇಳಿದಳು. ಅವನು ಅನುವಾದಿಸಿದ: "ಗಂಡ ಭಾಳ ಚಲೋ ಮನಶಾ, ಮನಿಗಿ ಹೋಗೂಣು ಅಂತಾಳ್ರಿ."

"ಅಷ್ಟೊತ್ತು ಹೇಳಿದ್ದು ಇಷ್ಟೇನು?" ಎಂದರು ಕೇಂದ್ರದ ಮೇಡಂ.

"ನಮ್ಮ ಭಾಷಾನ ಹಂಗ್ರಿ, ಭಾಳ ಉದ್ದ."

"ಹಂಗಾರ ನೀವು ಹೊರಗ ಕುಂದರ್ರಿ. ಉದ್ದಂದು ನಾವು ಸಾವಕಾಶ ಕೇಳ್ತೇವಿ."

ಅಂಗನವಾಡಿಯಲ್ಲಿ ಕನ್ನಡ ಕಲಿತ ಮಗಳಿಂದಲೇ ಹೇಳಿಸೋಣವೆಂದೆ. "ಕೂಸಿನ ಬಾಯಿಲೆ ಇಂಥಾದ್ದು ಹೇಳಸಬಾರದ್ರಿ ಅಕ್ಕಾರ" ಎಂದು ಮೇಡಂ ಮಗುವನ್ನು ಆಟಿಕೆಗಳ ಕೋಣೆಗೆ ಕಳಿಸಿ, ಲಂಬಾಣಿ ಬಲ್ಲ ಹೆಣ್ಣುಮಗಳೊಬ್ಬಳಿಗೆ ಫೋನು ಮಾಡಿದರು. ಆಕೆ ಬರುವತನಕ ನಾನೇ ಗತಿ. ಆದರೆ ನನ್ನ ಲಂಬಾಣಿಯಲ್ಲಿ ಹೊಡೆತಕ್ಕೆ ಪದವಿಲ್ಲ. ಇರುವುದೆಲ್ಲ ದರ, ಬಣ್ಣ, ಅಳತೆ. ಕೊನೆಗೆ ಅವಳ ರವಿಕೆಯ ತೋಳು ಮುಟ್ಟಿ, ಬಟ್ಟೆ ಪರೀಕ್ಷಿಸುವ ಮಾತಿನಲ್ಲೇ ಕೇಳಿದೆ: ಕಲೆ ಎಲ್ಲಿದೆ, ಹಳೆಯದೋ ಹೊಸದೋ? ಅವಳು ಕನ್ನಡಿಗಳು ಮಿನುಗುವ ಆ ತೋಳನ್ನು ಮೇಲೆ ಸರಿಸಿದಳು. ಹಳೆಯದೂ ಇತ್ತು, ಹೊಸದೂ ಇತ್ತು. ಅನುವಾದ ಬೇಕಾಗಲಿಲ್ಲ.

ತಾಂಡಾದ ಗಂಡಸರೇ ಹೀಗೆಂದು ಮೂಗು ಮುರಿಯಬೇಡಿ. ನಮ್ಮ ಓಣಿಯಲ್ಲೂ ಹೊಡೆಯುವವರಿದ್ದಾರೆ. ಅವರು ಅಚ್ಚ ಕನ್ನಡದಲ್ಲೇ ಸುಳ್ಳು ಹೇಳುತ್ತಾರೆ.

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಗಂಡನ ದನಿ: "ಅಕ್ಕಾರ, ಇನ್ನ ಮ್ಯಾಲ ಕುಡದಾಗ ಅಷ್ಟ ಹೊಡೀತೇನಿ ಅಂತ ಮೇಡಂಗ ಹೇಳ್ರಿ!" ನನ್ನ ಕಿವಿ ನೆಟ್ಟಗಾಯಿತು: ಇದು ಮೊದಲ ದರ, ಇನ್ನೂ ಇಳಿಯುತ್ತದೆ. ಹಾಳು ಅಭ್ಯಾಸ, ನಡುವಿಗೊಂದು ದರ ಹುಡುಕಲು ನನ್ನ ನಾಲಿಗೆ ಆಗಲೇ ಏಳುತ್ತಿತ್ತು. ಸೋನಿಬಾಯಿಗೆ ಅವನ ಮಾತು ತಿಳಿಯಿತೋ, ದನಿಯೇ ಸಾಕಾಯಿತೋ, "ಕೋನಿ" ಎಂದಳು. ಲಂಬಾಣಿಯಲ್ಲಿ ಒಲ್ಲೆ ಎಂಬ ಈ ಮಾತನ್ನು ತಾಂಡಾಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಒಮ್ಮೆಯೂ ನಂಬಿರಲಿಲ್ಲ. ಮೇಡಂ ನಂಬಿದರು. ಲಂಬಾಣಿ ಬಲ್ಲ ಆ ಹೆಣ್ಣುಮಗಳು ಬಂದು ಸೋನಿಬಾಯಿಯ ಉದ್ದದ ಮಾತನ್ನೆಲ್ಲ ಕನ್ನಡದಲ್ಲಿ ಹೇಳಿದ ಮೇಲೆ, ಅಂದು ಸಂಜೆಯೇ ತಾಯಿ ಮಗಳಿಬ್ಬರನ್ನೂ, ಗಂಡನಿಗೆ ವಿಳಾಸ ಗೊತ್ತಿಲ್ಲದ ಆಶ್ರಯಕ್ಕೆ ಕಳಿಸಿದರು.

ನೀವೂ ಯಾರನ್ನಾದರೂ ಇಂಥಲ್ಲಿಗೆ ಕರೆದೊಯ್ದರೆ, ಅವಳ ಭಾಷೆ ಬಲ್ಲ, ಅವಳ ಮನೆಯವಳಲ್ಲದ ಹೆಣ್ಣುಮಗಳು ಬೇಕೆಂದು ಹೊಸ್ತಿಲಲ್ಲೇ ಕೇಳಿ. ಗಂಡ ಜೊತೆಗೆ ಕೂತರೆ ಎಬ್ಬಿಸಿ. ಮಕ್ಕಳನ್ನು ದುಭಾಷಿ ಮಾಡಬೇಡಿ. ಅವಳು ಒಲ್ಲೆ ಎಂದ ಮೇಲೆ, ಎಷ್ಟಕ್ಕೆ ಒಪ್ಪುತ್ತೀ ಎಂದು ಮಾತ್ರ ಕೇಳಬೇಡಿ.